ಇಸ್ತ್ರಿ ಮಾವ ಆಲೂಗಡ್ಡೆ ಕರಿದದ್ದು

ಆ ಬೀದಿಯಲ್ಲಿ ಅವರಿಗೆ ಇಸ್ತ್ರಿ ಮಾವ ಎಂದೇ ಹೆಸರು. ಮಾವ ಎಂದು ಕರೆಯುವುದಕ್ಕೆ ಯಾರಿಗೂ ಸಂಬಂಧ ಬೇಕಿರಲಿಲ್ಲ. ಒಂದು ಅಂಗಿಯನ್ನು ಅವರ ಕೈಗೆ ಕೊಟ್ಟರೆ ಸಾಕು, ನೆಂಟಸ್ತಿಕೆ ಶುರುವಾಗುತ್ತಿತ್ತು. ಅಂಗಿಯ ಒಡೆಯ ನಿನ್ನೆ ಎಲ್ಲಿ ಕೂತಿದ್ದ, ಏನು ತಿಂದ, ಎಷ್ಟು ಬೆವರಿದ ಎಂಬುದನ್ನೆಲ್ಲ ಬಟ್ಟೆ ನೋಡಿಯೇ ಹೇಳಿಬಿಡುತ್ತಿದ್ದರು, ಅದೂ ಅಂಗಡಿಯಲ್ಲಿ ನಾಲ್ಕು ಜನ ನಿಂತಿರುವಾಗ, ಗಟ್ಟಿಯಾಗಿ. ಜಿಡ್ಡಿನ ಕಲೆ ಬಂತೆಂದರಂತೂ ಮಾವನ ಮುಖ ಅರಳುತ್ತಿತ್ತು. ಕಲೆಯ ಮೇಲೆ ಒಂದಿಷ್ಟು ಸೀಮೆಸುಣ್ಣದ ಪುಡಿ ಉದುರಿಸಿ, ಕೆಳಗೊಂದು ಮೇಲೊಂದು ಹೀರುಕಾಗದ ಇಟ್ಟು, ಹದವಾಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದರೆ ಜಿಡ್ಡೆಲ್ಲ ಕಾಗದಕ್ಕೆ ಇಳಿಯುತ್ತಿತ್ತು. ಆ ಕಾಗದವನ್ನು ಗಿರಾಕಿಯ ಮುಖದ ಮುಂದೆ ಹಿಡಿದು, "ನೋಡಪ್ಪ, ನಿನ್ನ ಮೊನ್ನೆಯ ಊಟ" ಎನ್ನದೆ ಬಿಡುತ್ತಿರಲಿಲ್ಲ. ವಿನಯವಂತ ಎಂದು ಅವರನ್ನು ಈವರೆಗೆ ಯಾರೂ ಕರೆದಿಲ್ಲ. ಕರೆದಿದ್ದರೆ ಅವರಿಗೇ ಬೇಜಾರಾಗುತ್ತಿತ್ತು.

ಬೀದಿಗೆಲ್ಲ ಅತ್ತೆಯಾಗಿದ್ದ ಅವರ ಹೆಂಡತಿಯ ಹೆಸರುವಾಸಿ ಬೇರೆ ಬಗೆಯದು. ಮಾತು ಕಡಿಮೆ, ಕೈ ಮುಂದೆ. ಸಂಜೆ ಅತ್ತೆಯ ಬಾಣಲೆಯಿಂದ ಆಲೂಗಡ್ಡೆ ಕರಿದ ವಾಸನೆ ಕಿಟಕಿ ದಾಟಿತೆಂದರೆ, ಪಕ್ಕದ ಅಂಗಡಿಯ ಕ್ಷೌರಿಕ ಗಿರಾಕಿಯ ಗಡ್ಡಕ್ಕೆ ಸೋಪು ಬಳಿದು ಹಾಗೆಯೇ ಕೂರಿಸಿ, "ಈಗ ಬಂದೆ" ಎಂದು ಓಡಿಬರುತ್ತಿದ್ದ. ಅವನ ಹಿಂದೆ ಇನ್ನಿಬ್ಬರು ಬರುತ್ತಿದ್ದರು. ಅತ್ತೆ ಯಾರನ್ನೂ ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಲೂ ಇರಲಿಲ್ಲ, ತಟ್ಟೆ ಮುಂದೆ ಸರಿಸುತ್ತಿದ್ದರು. ರುಚಿಗೆ ಎರಡು ಮಾತಿಲ್ಲ. ಆದರೆ ನಿಜ ಹೇಳಲೇಬೇಕು, ಎಣ್ಣೆ ವಿಪರೀತ. ತಿಂದವನು ಬೆರಳು ಒರೆಸಿಕೊಳ್ಳಲು ತನ್ನ ಪ್ಯಾಂಟನ್ನೇ ಹುಡುಕಬೇಕಿತ್ತು. ಮಾವನ ಅಂಗಡಿಗೆ ಬರುವ ಕಲೆಗಳಲ್ಲಿ ಅರ್ಧ ಅವರ ಮನೆಯಲ್ಲೇ ಹುಟ್ಟಿದವು, ಗಂಡ ಹೆಂಡತಿ ಸೇರಿ ಒಳ್ಳೇ ವ್ಯಾಪಾರ ನಡೆಸುತ್ತಿದ್ದಾರೆ ಎಂದು ಕ್ಷೌರಿಕ ಹೇಳಿಕೊಂಡು ತಿರುಗುತ್ತಿದ್ದ.

ಹೋದ ಚಳಿಗಾಲದಲ್ಲಿ ಅತ್ತೆಯ ಪಿತ್ತಕೋಶದಲ್ಲಿ ಕಲ್ಲಾಯಿತು. ನೋವು ಅಂತಿಂಥದ್ದಲ್ಲ, ಹೆರಿಗೆಯಲ್ಲೂ ತುಟಿ ಕಚ್ಚಿಕೊಂಡಿದ್ದ ಹೆಂಗಸು ಅಂದು ಗೋಡೆ ಹಿಡಿದುಕೊಂಡು ಕೂಗಿದರು. ಆಸ್ಪತ್ರೆ, ಆಪರೇಷನ್ ಎಲ್ಲ ಸಾಂಗವಾಗಿಯೇ ಮುಗಿಯಿತು. ಮುಗಿಯದೆ ಉಳಿದದ್ದು ಒಂದು ಮಾತು. ಅವರ ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಪ್ಪನ ನಾಲಿಗೆಯನ್ನೇ ಪಡೆದು ಹುಟ್ಟಿದವಳು, ವಾರ್ಡಿನ ಪರದೆಯ ಈಚೆ ನಿಂತು ಹೇಳಿದಳು: "ಅಮ್ಮನ ಕೈಯಡುಗೇನೇ ಅಮ್ಮನಿಗೆ ಮುಳುವಾಯ್ತಪ್ಪ. ದಿನಾ ಆ ಎಣ್ಣೆ, ಆ ಜಿಡ್ಡು! ಇನ್ನು ಆ ಬಾಣಲೆ ಮನೇಲಿ ಇರಕೂಡದು. ನಾನು ತಗೊಂಡು ಹೋಗ್ತೀನಿ."

ಪರದೆಗೆ ಕಿವಿ ಇರುವುದಿಲ್ಲ, ಆದರೆ ಪರದೆಯ ಆಚೆ ಮಲಗಿದವರಿಗೆ ಇರುತ್ತದೆ. ಮಾವ ಒಳಗೆ ಹೋದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು.

"ಬಾಣಲೆ ಯಾವಾಗ ತಗೊಂಡು ಹೋಗ್ತಾಳಂತೆ?" ಎಂದು ಮಾತ್ರ ಕೇಳಿದರು.

ಮನೆಗೆ ಬಂದ ಮೇಲೆ ಅತ್ತೆ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಮಗಳು ಕೆಲಸ ಮುಗಿಸಿ ತನ್ನ ಮನೆಗೆ ಹೋಗುವಾಗ ಬೇಯಿಸಿದ ತರಕಾರಿಯನ್ನು ಡಬ್ಬಿಯಲ್ಲಿ ತಂದಿಟ್ಟು ಹೋಗುವಳು. ಅತ್ತೆ ಅದನ್ನು ಬಿಚ್ಚುವರು, ಎರಡು ತುತ್ತು ಬಾಯಿಗಿಟ್ಟು, "ಹಸಿವಿಲ್ಲ" ಎಂದು ಮುಚ್ಚುವರು. ಮೊದಲು ಮಾವ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕಾಯಿಲೆಯಿಂದ ಎದ್ದವರಿಗೆ ಬಾಯಿ ಕೆಟ್ಟಿರುತ್ತದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡರು. ಒಂದು ದಿನ ಅಂಗಡಿಯಲ್ಲಿ ಹೆಂಡತಿಯ ಉಡುಪನ್ನೇ ಇಸ್ತ್ರಿ ಮಾಡುವಾಗ ಸೊಂಟದ ಬಳಿ ಹೊಸ ಹೊಲಿಗೆ ಕೈಗೆ ಸಿಕ್ಕಿತು. ಹಳೆಯ ಹೊಲಿಗೆಯಿಂದ ಎರಡು ಬೆರಳು ಒಳಗೆ. ಸಡಿಲವಾದದ್ದನ್ನು ಯಾರಿಗೂ ಹೇಳದೆ ಬಿಗಿ ಮಾಡಿಕೊಂಡಿದ್ದಾರೆ. ಇನ್ನೊಂದನ್ನು ತೆಗೆದು ನೋಡಿದರೆ ಅದರಲ್ಲೂ ಹಾಗೆಯೇ. ಊರವರ ಬಟ್ಟೆ ನೋಡಿ ಊರವರ ಹೊಟ್ಟೆಯ ಸಂಗತಿ ಹೇಳುತ್ತಿದ್ದ ಮಾವ ಪೆಟ್ಟಿಗೆಯನ್ನು ಬದಿಗಿಟ್ಟರು. ಹೀಗೆ ಹೊಲಿಗೆ ಒಳಗೊಳಗೆ ಸರಿಯುತ್ತ ಹೋದರೆ ಕೊನೆಗೆ ಬಟ್ಟೆ ಮಾತ್ರ ಉಳಿದೀತು ಎಂದು ಅವರಿಗೆ ಭಯವಾಯಿತು.

ಡಾಕ್ಟರ ಬಳಿ ಮತ್ತೆ ತೋರಿಸಲು ಹೋದಾಗ ಮಾವ ಬಾಯಿಬಿಟ್ಟು ಕೇಳಿದರು. ಡಾಕ್ಟರು ನಕ್ಕರು.

"ಕಲ್ಲಾಗೋಕೆ ಕಾರಣ ಒಂದಾ ಎರಡಾ? ಯಾರ ಕೈಯಡುಗೇನೂ ದೂರಬೇಡಿ. ಗಾಯ ಮಾಗಿದೆ. ಆಸೆಯಾದಾಗ ಕರಿದದ್ದೂ ಸ್ವಲ್ಪ ತಿನ್ನಲಿ, ಎಣ್ಣೆ ಸೋರ್ತಾ ಇರಬಾರದು ಅಷ್ಟೆ. ಮೊದಲು ಅವರು ಸರಿಯಾಗಿ ಊಟ ಮಾಡ್ಲಿ."

ದಾರಿಯಲ್ಲಿ ಮಾವ ಹಿಗ್ಗಿನಿಂದ, "ಕೇಳಿದ್ಯೇನೇ?" ಎಂದರು.

"ಡಾಕ್ಟರು ಬಾಯಿಮಾತಿಗೆ ಹೇಳ್ತಾರೆ" ಎಂದರು ಅತ್ತೆ. "ನನ್ನ ಕೈಯಡುಗೆ ಸಹವಾಸ ಯಾರಿಗೂ ಬೇಡ."

ಆ ಮಾತು ಮಾವನಿಗೆ ನಾಟಿತು. ಆದರೆ ಕೈಕಟ್ಟಿ ಕೂರುವ ಜಾತಿಯವರಲ್ಲ ಅವರು. ಎಣ್ಣೆ ಸೋರದ ಆಲೂಗಡ್ಡೆ ಒಂದು ತಟ್ಟೆ ಮಾಡಿ ಮುಂದಿಟ್ಟರೆ ಹೆಂಡತಿ ತಿಂದೇ ತಿನ್ನುತ್ತಾಳೆ, ತಿಂದರೆ ಒಲೆಯ ಮುಂದೆ ಬಂದೇ ಬರುತ್ತಾಳೆ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಮನೆಯದನ್ನು ಮಗಳು ಒಯ್ದಿದ್ದರಿಂದ ಸಂಜೆ ಕ್ಷೌರಿಕನ ಮನೆಯಿಂದ ಬಾಣಲೆ ಕೇಳಿ ತಂದರು.

"ಮಾವ, ನಿಮಗೆ ಕರಿಯೋಕೆ ಬರುತ್ತಾ?" ಎಂದ ಅವನು.

"ಜಿಡ್ಡು ತಾನೇ? ಊರ ಜಿಡ್ಡೆಲ್ಲ ತೆಗೆದವನಿಗೆ ನಾಲ್ಕು ಆಲೂಗಡ್ಡೆ ಯಾವ ಲೆಕ್ಕ ಕಣಯ್ಯ!"

ಆ ಸಂಜೆಯ ಕಥೆಯನ್ನು ಬೀದಿಯವರು ಈಗಲೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಮಾವ ಆಲೂಗಡ್ಡೆಯನ್ನು ಹೋಳು ಮಾಡಿ ತೊಳೆದರು. ಹೆಂಡತಿ ಕರಿಯುವುದನ್ನು ಇಷ್ಟು ವರ್ಷ ನೋಡಿದ ನೆನಪಿನಲ್ಲಿ ಉರಿಯನ್ನು ಸಣ್ಣಗೆ ಇಟ್ಟರು. ನಾಜೂಕಿನ ಬಟ್ಟೆಗೆ ಕಡಿಮೆ ಶಾಖ ಎಂಬ ತಮ್ಮ ಕಸುಬಿನ ಬುದ್ಧಿಯನ್ನೂ ಬೆರೆಸಿ ಇನ್ನಷ್ಟು ಸಣ್ಣ ಮಾಡಿದರು. ನೀರು ತೊಟ್ಟಿಕ್ಕುತ್ತಿದ್ದ ಹೋಳುಗಳನ್ನು ಅಷ್ಟನ್ನೂ ಒಟ್ಟಿಗೇ ಎಣ್ಣೆಗೆ ಸುರಿದರು. ಬಾಣಲೆ ಒಮ್ಮೆ ಸಿಡಿದು ಮಾವನನ್ನು ಗೋಡೆಯವರೆಗೂ ಹಾರಿಸಿ, ಆಮೇಲೆ ಮಂಕು ಬಡಿದಂತೆ ಸುಮ್ಮನಾಯಿತು. ಎಷ್ಟು ಹೊತ್ತಾದರೂ ಬಣ್ಣ ತಿರುಗಲಿಲ್ಲ. ಕೊನೆಗೆ ತೆಗೆದಾಗ ಹೋಳುಗಳು ಒದ್ದೆ ಕಾಲುಚೀಲಗಳ ಹಾಗೆ ಜೋತುಬಿದ್ದಿದ್ದವು, ತಟ್ಟೆಯ ತಳದಲ್ಲಿ ಎಣ್ಣೆ ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಮಾವ ತಟ್ಟೆ ಹಿಡಿದು ರಸ್ತೆ ದಾಟಿ ಅಂಗಡಿಗೆ ಹೋದರು. ಮೇಜಿನ ಮೇಲೆ ಹೀರುಕಾಗದ ಹಾಸಿ, ಹೋಳುಗಳನ್ನು ಸಾಲಾಗಿ ಜೋಡಿಸಿ, ಮೇಲೊಂದು ಕಾಗದ ಹೊದಿಸಿ, ಪೆಟ್ಟಿಗೆಯನ್ನು ರೇಷ್ಮೆಯ ಹದಕ್ಕೆ ತಿರುಗಿಸಿ ಇಸ್ತ್ರಿ ಮಾಡಿದರು. ಜಿಡ್ಡು ಬಂತು, ಸುಳ್ಳಲ್ಲ. ಜಿಡ್ಡಿನ ಜೊತೆಗೆ ಆಲೂಗಡ್ಡೆಯೂ ಬಂತು. ಕಾಗದ ಯಾವುದು ಹೋಳು ಯಾವುದು ಎಂದು ಬಿಡಿಸುವುದಕ್ಕಾಗದಂತೆ ಅಂಟಿಕೊಂಡಿತ್ತು. ಅದನ್ನೂ ಮಾವ ಕೆರೆದು ಕೆರೆದು ತಟ್ಟೆಗೆ ಹಾಕಿ, ನಡುಮನೆಯಲ್ಲಿ ಕೂತಿದ್ದ ಹೆಂಡತಿಯ ಮುಂದಿಟ್ಟರು.

ಅತ್ತೆ ಬಗ್ಗಿ ನೋಡಿದರು. "ಏನ್ರೀ ಇದು?"

"ಆಲೂಗಡ್ಡೆ. ಜಿಡ್ಡು ತೆಗೆದಿದ್ದೀನಿ."

"ಹೇಗೆ ತೆಗೆದ್ರಿ?"

ಮಾವ ಹೇಳಿದರು. ಅತ್ತೆಯ ಮುಖ ಮೊದಲು ಬಿಗಿಯಾಯಿತು, ಆಮೇಲೆ ಭುಜ ಅಲುಗಿತು, ಕೊನೆಗೆ ಅವರು ಬಾಯಿಗೆ ಕೈ ಅಡ್ಡ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಪರೇಷನ್ ಆದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಆದರೆ ತಟ್ಟೆಯನ್ನು ಮುಟ್ಟಲಿಲ್ಲ. ನಗು ನಿಂತ ಮೇಲೆ, "ಸುಮ್ಮನೆ ಯಾಕೆ ಕಷ್ಟಪಡ್ತೀರಿ, ಬಿಡಿ" ಎಂದು ಎದ್ದು ಹೋದರು. ಮಾವನಿಗೆ ಆ ನಗುವೇ ಸಾಕಾಯಿತು. ಇನ್ನು ಬಿಡುವ ಮಾತೇ ಇಲ್ಲ ಎಂದು ಪಟ್ಟು ಹಿಡಿದರು.

ಮುಂದಿನ ಸಂಜೆಗಳಲ್ಲೂ ಅದೇ ಪಾಡು. ಹೋಳನ್ನು ತೆಳ್ಳಗೆ ಮಾಡಿ ನೋಡಿದರು, ದಪ್ಪ ಮಾಡಿ ನೋಡಿದರು, ಎಣ್ಣೆ ಕಡಿಮೆ ಹಾಕಿದರೆ ಕಡಿಮೆ ಹಿಡಿದೀತೆಂದು ತಳ ಮುಳುಗುವಷ್ಟು ಮಾತ್ರ ಹಾಕಿ ನೋಡಿದರು. ರುಚಿ ನೋಡಲು ಕರೆಸಿಕೊಂಡ ಕ್ಷೌರಿಕ ಒಂದನ್ನು ಬಾಯಿಗಿಟ್ಟು, ಇನ್ನೊಂದನ್ನು ಬೆರಳಲ್ಲಿ ಹಿಂಡಿ ನೋಡಿ, "ಮಾವ, ಇದನ್ನ ನನಗೆ ಕೊಡಿ. ಗಿರಾಕಿಗಳ ತಲೆಗೆ ತಿಕ್ಕಿದ್ರೆ ಕೂದಲು ಮಿರಿಮಿರಿ ಮಿಂಚುತ್ತೆ" ಎಂದ. ಮಾವ ಅವನನ್ನು ಬಾಣಲೆ ತೋರಿಸಿ ಓಡಿಸಿದರು.

ಬುದ್ಧಿ ಹೊಳೆದದ್ದು ಅಡುಗೆಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ. ಒಂದು ಬೆಳಿಗ್ಗೆ ವಕೀಲರೊಬ್ಬರು ಕೋಟು ತಂದು, ಕೋರ್ಟಿಗೆ ಹೊತ್ತಾಯಿತೆಂದು ತಲೆಯ ಮೇಲೆ ನಿಂತರು. ಅವಸರದಲ್ಲಿ ಮಾವ ಆವಿಪೆಟ್ಟಿಗೆ ಸರಿಯಾಗಿ ಕಾಯುವ ಮೊದಲೇ ಕೋಟಿನ ಮೇಲಿಟ್ಟರು. ಪೆಟ್ಟಿಗೆಯ ತೂತುಗಳಿಂದ ಆವಿಯ ಬದಲು ನೀರೇ ಸುರಿದು ಕೋಟಿನ ತೋಳು ತೊಪ್ಪೆಯಾಯಿತು. ಇಸ್ತ್ರಿಯವನಾದವನು ಕಲಿಯುವ ಮೊದಲ ಪಾಠ ಅದು: ಕಾಯದ ಪೆಟ್ಟಿಗೆ ನೀರು ಕಾರುತ್ತದೆ, ಚೆನ್ನಾಗಿ ಕಾದದ್ದು ಆವಿಯನ್ನು ಬುಸ್ಸೆಂದು ಹೊರಗೆ ತಳ್ಳುತ್ತದೆ, ಬಟ್ಟೆ ಒಣಗಿಯೇ ಇರುತ್ತದೆ. ಮಾವ ಪೆಟ್ಟಿಗೆ ಎತ್ತಿ ಹಿಡಿದವರು ಹಾಗೆಯೇ ನಿಂತುಬಿಟ್ಟರು. ಆಲೂಗಡ್ಡೆಯ ಹೊಟ್ಟೆಯಲ್ಲೂ ನೀರಿದೆ. ಎಣ್ಣೆ ಚೆನ್ನಾಗಿ ಕಾದಿದ್ದರೆ ಆ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಎಣ್ಣೆಗೆ ಒಳಗೆ ಬರಲು ದಾರಿ ಕೊಡುವುದಿಲ್ಲ, ಅಷ್ಟರಲ್ಲಿ ಹೋಳಿನ ಹೊರಮೈಯೂ ಗಟ್ಟಿಯಾಗುತ್ತದೆ. ಎಣ್ಣೆ ಕಾಯದಿದ್ದರೆ ತಳ್ಳುವವರೇ ಇಲ್ಲ. ಎಣ್ಣೆ ಹೇಳದೆ ಕೇಳದೆ ಒಳಗೆ ಬಂದು ಕೂರುತ್ತದೆ.

"ಏನಾಯ್ತು, ಕೋಟು?" ಎಂದರು ವಕೀಲರು.

"ಕೋಟು ಎಲ್ಲಿಗೂ ಹೋಗಲ್ಲ, ಇರಿ ಸ್ವಾಮಿ!" ಎಂದರು ಮಾವ, ಜಗತ್ತನ್ನೇ ಗೆದ್ದವರ ಹಾಗೆ.

ಆ ಸಂಜೆ ಮಾವ ಅಡುಗೆಮನೆಯನ್ನು ಅಂಗಡಿಯ ಶಿಸ್ತಿಗೆ ತಂದರು. ಆಲೂಗಡ್ಡೆಯನ್ನು ಒಂದೇ ದಪ್ಪಕ್ಕೆ ಹೆಚ್ಚಿದರು. ತೊಳೆದ ನೀರು ತಿಳಿಯಾಗುವವರೆಗೂ ತೊಳೆದು, ಒಗೆದ ಬಟ್ಟೆಯಲ್ಲಿ ಒಂದೊಂದನ್ನೂ ಒತ್ತಿ ಒತ್ತಿ ಒರೆಸಿದರು. ಮೈಮೇಲೆ ನೀರಿದ್ದರೆ ಎಣ್ಣೆಯ ಶಾಖವೆಲ್ಲ ಅದನ್ನು ಒಣಗಿಸುವುದಕ್ಕೇ ಹೋಗುತ್ತದೆ ಎಂದು ಈಗ ಅವರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಬಾಣಲೆಗೆ ಅರ್ಧದಷ್ಟು ಎಣ್ಣೆ ಸುರಿದು, ಕಿಟಕಿ ತೆರೆದು, ಉರಿ ದೊಡ್ಡದು ಮಾಡಿದರು. ಮರದ ಸೌಟಿನ ಹಿಡಿಯನ್ನು ಎಣ್ಣೆಯಲ್ಲಿ ಅದ್ದಿ ನೋಡಿದರು. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದ್ದಿದಾಗ ಹಿಡಿಯ ಸುತ್ತ ಸಣ್ಣ ಗುಳ್ಳೆಗಳು ಮುತ್ತಿಕೊಂಡವು. ಹೊಗೆ ಬರುವಷ್ಟು ಕಾಯಬಾರದು, ಗುಳ್ಳೆ ಬರದಷ್ಟು ತಣ್ಣಗಿರಬಾರದು. ಐದಾರು ಹೋಳು ಮಾತ್ರ ಬಿಟ್ಟರು. ಚೊಂಯ್ ಎಂಬ ಸದ್ದು ಕೊನೆಯವರೆಗೂ ಸೋಲಲಿಲ್ಲ. ಬಣ್ಣ ತಿರುಗಿದ ಮೇಲೆ ಜಾಲರಿಯಿಂದ ಎತ್ತಿ, ಬಾಣಲೆಯ ಮೇಲೆಯೇ ಒಮ್ಮೆ ಕೊಡವಿ, ಉಣ್ಣೆಯ ಬಟ್ಟೆ ಒಣಗಿಸಲೆಂದು ತಂದು ಇನ್ನೂ ಬಳಸದೆ ಇಟ್ಟಿದ್ದ ತಂತಿಯ ಚೌಕಟ್ಟನ್ನು ತೊಳೆದು ಅದರ ಮೇಲೆ ಬಿಡಿಬಿಡಿಯಾಗಿ ಹರಡಿದರು. ಬಿಸಿ ಬಟ್ಟೆಯನ್ನು ಒಂದರ ಮೇಲೊಂದು ಒಟ್ಟಿದರೆ ಬೆವರಿ ಹಾಳಾಗುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಎಣ್ಣೆ ಮತ್ತೆ ಕಾಯುವವರೆಗೆ ಕಾದು, ಆಮೇಲೆಯೇ ಮುಂದಿನ ಐದಾರು. ಉಪ್ಪು ಕೊನೆಗೆ.

ಒಂದನ್ನು ಬಾಯಿಗಿಟ್ಟರು. ಹೊರಗೆ ಕುರುಕಲು, ಒಳಗೆ ಮೆತ್ತಗೆ, ಬೆರಳಲ್ಲಿ ಒರೆಸಿಕೊಳ್ಳುವಷ್ಟು ಜಿಡ್ಡಿಲ್ಲ. ಮಾವ ಒಬ್ಬರೇ ನಿಂತು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಅಷ್ಟು ಹೊತ್ತಿಗೆ ಮಗಳು ಡಬ್ಬಿ ಹಿಡಿದು ಬಂದಳು. ವಾಸನೆಗೆ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು.

"ಅಪ್ಪಾ! ಏನಿದೆಲ್ಲ? ಅಮ್ಮನ್ನ ಮತ್ತೆ ಆಸ್ಪತ್ರೆಗೆ ಹಾಕ್ಬೇಕು ಅಂತಿದೀರಾ?"

"ಕೂಗಾಡ್ಬೇಡ, ಬಾ ಇಲ್ಲಿ." ಮಾವ ಒಂದು ಹೋಳನ್ನು ಅವಳ ಅಂಗೈಯಲ್ಲಿಟ್ಟರು. "ಹಿಚುಕು. ಇನ್ನೂ ಜೋರಾಗಿ. ಎಣ್ಣೆ ಬಂತಾ?"

ಮಗಳು ಅಂಗೈ ನೋಡಿಕೊಂಡಳು. ಎಣ್ಣೆಯ ಹನಿಯೂ ಇರಲಿಲ್ಲ. ಮಾವನಿಗೆ ಅಷ್ಟು ಸಿಕ್ಕರೆ ಬಿಡುವುದುಂಟೆ? ನಡುಮನೆಗೂ ಕೇಳುವ ಹಾಗೆ ದನಿ ಎತ್ತಿದರು.

"ತಪ್ಪು ಎಲ್ಲಿತ್ತು ಗೊತ್ತಾ? ನಿಮ್ಮಮ್ಮನ ಕೈಯಲ್ಲಲ್ಲ ಕಣೇ, ಒಲೇಲಿ! ಇಷ್ಟು ವರ್ಷ ಉರಿ ಸಣ್ಣಗಿಟ್ಟೇ ಕರಿದಳು. ಎಣ್ಣೆ ಕಾಯದೆ ಹಾಕಿದ್ರೆ ಆಲೂಗಡ್ಡೆ ಅದನ್ನ ಕುಡಿಯದೆ ಇನ್ನೇನು ಮಾಡುತ್ತೆ? ಇಷ್ಟು ಚಿಕ್ಕ ವಿಷಯ! ನನ್ನನ್ನ ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ!"

"ನಿಮ್ಮನ್ನ ಕೇಳಿಯೇ ಸಣ್ಣ ಮಾಡಿದ್ದು."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಮುಖದಲ್ಲಿ ಸಿಟ್ಟಿರಲಿಲ್ಲ.

"ನನ್ನನ್ನ? ಯಾವಾಗ?" ಎಂದರು ಮಾವ.

"ನಾನು ಈ ಮನೆಗೆ ಬಂದ ಹೊಸದ್ರಲ್ಲಿ. ಆಗ ಅಂಗಡಿ ಮುಂದಿನ ಕೋಣೇಲೇ ಇತ್ತು. ಬಟ್ಟೆ ನೇತು ಹಾಕಿದ್ರೆ ಅಡುಗೆಮನೆ ಬಾಗಿಲವರೆಗೂ ಬರ್ತಿತ್ತು. ನಮ್ಮಮ್ಮ ಹೇಳಿಕೊಟ್ಟ ಹಾಗೆ ಎಣ್ಣೆ ಚೆನ್ನಾಗಿ ಕಾಯಿಸಿ ಕರಿಯೋಕೆ ನಿಂತೆ. ನೀವು ಓಡಿಬಂದ್ರಿ. ಊರವರ ಬಟ್ಟೆಗೆಲ್ಲ ಎಣ್ಣೆ ವಾಸನೆ ಹಿಡಿಯುತ್ತೆ, ಒಲೆ ಸಣ್ಣ ಮಾಡು ಅಂದ್ರಿ. ಹೀಗೆ ಮಾಡಿದ್ರೆ ಎಣ್ಣೆ ಕುಡಿಯುತ್ತೆ ರೀ ಅಂದೆ. ಕುಡೀಲಿ, ನನಗೆ ಬಟ್ಟೆ ಮುಖ್ಯ ಅಂದ್ರಿ. ಆಮೇಲೆ ನಾನು ಆ ಮಾತು ಎತ್ತಲಿಲ್ಲ."

ಮಾವನಿಗೆ ನೆನಪಾಗಲಿಲ್ಲ. ನೆನಪಾಗದಿದ್ದುದೇ ಅವರಿಗೆ ಹೆಚ್ಚು ಚುಚ್ಚಿತು. ಮಾತು ತಮ್ಮದೇ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಆ ದನಿ, ಆ ಗತ್ತು, ಎಲ್ಲ ತಮ್ಮದೇ. ಅಂಗಡಿ ರಸ್ತೆಯ ಆ ಬದಿಗೆ ಹೋಗಿ ಒಂದು ಜನ್ಮವೇ ಆದಂತಿತ್ತು. ಹೋಗುವಾಗ ಮೇಜು ಒಯ್ದರು, ಪೆಟ್ಟಿಗೆ ಒಯ್ದರು, ಮೊಳೆಯೊಂದನ್ನೂ ಬಿಡದೆ ಕಿತ್ತು ಒಯ್ದರು. ಇನ್ನು ಉರಿ ದೊಡ್ಡದು ಮಾಡಿಕೋ ಎಂದು ಹೆಂಡತಿಗೆ ಹೇಳಬೇಕೆಂದು ತೋಚಲೇ ಇಲ್ಲ. ಅವರ ಅಂಗಡಿಯ ಬಟ್ಟೆಗಾಗಿ ಅವಳು ತನ್ನ ಕೈಯ ಹದವನ್ನೇ ಬಿಟ್ಟುಕೊಟ್ಟಿದ್ದಳು, ಕೊನೆಗೆ ಅದೇ ಕೈಗೆ ಕೆಟ್ಟ ಹೆಸರು ಬಂದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಮಾವ ಕೈಯಲ್ಲಿದ್ದ ಜಾಲರಿಯನ್ನು ಕೆಳಗಿಟ್ಟು ತಲೆ ತಗ್ಗಿಸಿದರು. ಬೀದಿಯಲ್ಲಿ ಇದನ್ನು ಯಾರಾದರೂ ನೋಡಿದ್ದರೆ ನಂಬುತ್ತಿರಲಿಲ್ಲ.

ಮಗಳು ಡಬ್ಬಿಯನ್ನು ಕೆಳಗಿಟ್ಟಳು. "ಅಮ್ಮಾ, ಆಸ್ಪತ್ರೇಲಿ ನಾನು ಅಂದಿದ್ದು..."

"ಕೇಳಿಸ್ತು."

"ಡಾಕ್ಟರು ಹಾಗೆ ಹೇಳಿರಲಿಲ್ಲಮ್ಮ. ನೀನು ಕೂಗಿದ್ದು ನೋಡಿ ಭಯ ಆಗಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಗೊತ್ತು ಕಣೇ. ಭಯ ಆದ್ರೆ ನೀನೂ ನಿಮ್ಮಪ್ಪನ ಹಾಗೇನೇ. ಬೈಯೋದೊಂದೇ ಬರುತ್ತೆ."

ಮಗಳು ಅಮ್ಮನ ತೋಳು ಹಿಡಿದುಕೊಂಡು ಅತ್ತಳು. ಅತ್ತೆ ಅವಳ ಬೆನ್ನು ಸವರುತ್ತಿದ್ದವರು ಇದ್ದಕ್ಕಿದ್ದಂತೆ ಕತ್ತೆತ್ತಿದರು. ಮೂವರೂ ಮಾತಿನಲ್ಲಿ ಮುಳುಗಿದ್ದಾಗ ಬಾಣಲೆಯಿಂದ ಸಣ್ಣಗೆ ಹೊಗೆ ಏಳತೊಡಗಿತ್ತು.

"ಎಣ್ಣೆ ಹೊಗೆಯಾಡ್ತಿದೆ! ಏನ್ ನೋಡ್ತಾ ನಿಂತಿದೀರಿ?"

ಹೊಸ್ತಿಲು ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ. ಒಲೆ ಆರಿಸಿದರು, ಹೊಗೆ ಅಡಗುವವರೆಗೆ ಬಾಣಲೆಯನ್ನು ಮುಟ್ಟದೆ ನಿಂತರು, ಮತ್ತೆ ಹೊತ್ತಿಸಿದರು. ಮರದ ಹಿಡಿ ಅದ್ದಿ ನೋಡುವ ಗೋಜಿಗೇ ಹೋಗಲಿಲ್ಲ. ಎಣ್ಣೆಯ ಮೈ ಒಮ್ಮೆ ನೋಡಿ, ಒರೆಸಿಟ್ಟ ಹೋಳುಗಳನ್ನು ಬಾಣಲೆಯ ಅಂಚಿನಿಂದ ಒಂದೊಂದಾಗಿ ಜಾರಿಸಿದರು. ಮಾವ ಬಿಟ್ಟಾಗ ಬಂದದ್ದಕ್ಕಿಂತ ಚಂದದ ಸದ್ದು ಬಂತು. ಇದನ್ನು ಮಾವನೇ ಒಪ್ಪಿಕೊಳ್ಳುತ್ತಾರೆ.

"ಆಮೇಲೆ ಇನ್ನೊಂದು ಸಲ ಹೇಳಬಾರದಾಗಿತ್ತಾ?" ಎಂದರು ಮಾವ, ಮೆಲ್ಲಗೆ.

"ಹೇಳಿದ್ರೆ ಕೇಳ್ತಿದ್ರಾ?"

ಮಾವ ಯೋಚಿಸಿದರು. "ಇಲ್ಲ" ಎಂದರು. "ಈಗ ಹೇಳು. ಕೇಳ್ತೀನಿ."

"ಹಾಗಾದ್ರೆ ಒಲೆ ಮುಂದಿಂದ ಆಚೆ ಸರೀರಿ."

ಮಾವ ಸರಿದರು. ಯಾರಾದರೂ ಆಚೆ ಹೋಗು ಎಂದರೆ ಅವರಿಗೆ ಇಷ್ಟು ಸಂತೋಷವಾದದ್ದು ಬೇರೆ ಯಾವತ್ತೂ ಇಲ್ಲ. ಅತ್ತೆ ಜಾಲರಿಯಲ್ಲಿ ಎತ್ತಿ, ಕೊಡವಿ, ತಂತಿಯ ಮೇಲೆ ಹರಡಿದರು. ಒಂದನ್ನು ಊದಿ ಊದಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದನ್ನು ತೆಗೆದುಕೊಂಡರು. ಮಾವನೂ ಮಗಳೂ ನೋಡುತ್ತಿದ್ದರು. ತಂತಿಯ ಮೇಲಿದ್ದದ್ದೆಲ್ಲ ಖಾಲಿಯಾಗುತ್ತ ಬಂತು.

"ಇನ್ನೆರಡು ಆಲೂಗಡ್ಡೆ ಹೆಚ್ಚಿ ಕೊಡಿ" ಎಂದರು ಅತ್ತೆ, ಬಾಣಲೆಯಿಂದ ಕಣ್ಣು ತೆಗೆಯದೆ. "ನನಗೆ ಹಸಿವಾಗ್ತಿದೆ."

ಮಾವ ಆಗಲೇ ಚಾಕು ಎತ್ತಿಕೊಂಡಿದ್ದರು.